ದವಡೆಯಲ್ಲಿ ಗಂಟು, ಕುತ್ತಿಗೆಯಲ್ಲಿ ಬೇರು: ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಿಂದ ಬಂದ ಮಹಿಳೆಯೊಬ್ಬರ ಪ್ರಕರಣ ಇದು. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ, ವಯಸ್ಸನ್ನು ಒಂದೆರಡು ವರ್ಷ ಹಿಂದುಮುಂದು ಮಾಡಿದ್ದೇನೆ. ರಕ್ತಪರೀಕ್ಷೆಯ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ. ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುವವನು. ಕೊಯ್ಯುವ ಅಗತ್ಯವೇ ಇಲ್ಲದ ದವಡೆಯೊಂದನ್ನು ಕೊಯ್ಯಲು ದಿನ ಗೊತ್ತು ಮಾಡಿದ್ದೆ. ಆ ದಿನ ಹೇಗೆ ತಪ್ಪಿತು ಎಂಬುದನ್ನು ಹಲ್ಲಿನ ಡಾಕ್ಟರುಗಳು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ಓದಬೇಕೆಂಬ ಆಸೆ ನನ್ನದು.

ಹಿನ್ನೆಲೆ

ನವೆಂಬರ್ ಕೊನೆಯಲ್ಲಿ ಬಂದರು. ವಯಸ್ಸು 38. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವ ಕೈಮಗ್ಗದಲ್ಲಿ ಖಣ ನೇಯುವುದು ಹದಿನೈದು ವರ್ಷದಿಂದ ಅವರ ಕೆಲಸ. ಎಡಗಡೆಯ ಕೆಳದವಡೆ ಐದು ತಿಂಗಳಿಂದ ಮೆಲ್ಲಗೆ ಉಬ್ಬುತ್ತಿತ್ತು. ನೋವು ಅಷ್ಟಾಗಿ ಇಲ್ಲ. ಮೊದಲ ದವಡೆಹಲ್ಲು ಅಲ್ಲಾಡತೊಡಗಿದಾಗ ಹತ್ತಿರದ ಊರಿನಲ್ಲಿ ಅದನ್ನು ಕೀಳಿಸಿದ್ದರು. ಹಲ್ಲು ಕಿತ್ತ ಕುಳಿ ಮಾಯಲಿಲ್ಲ. ಮೂರು ವಾರದಲ್ಲಿ ಅದೇ ಕುಳಿಯಿಂದ ಕೆಂಪು-ನೇರಳೆ ಬಣ್ಣದ ಮೆತ್ತನೆಯ ಮಾಂಸ ಮೇಲೆದ್ದು ಬಂತು. ರೊಟ್ಟಿ ಕಚ್ಚಿದರೆ ರಕ್ತ.

ಕೂತವರೇ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರ, ಇದು ಕ್ಯಾನ್ಸರ್ ಐತೇನ್ರಿ?"

ಮಿಶ್ರಿ ಹಚ್ಚುವ ರೂಢಿ ಅವರಿಗಿತ್ತು. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಹಳೆಯ ಚಟವೆಂದರೆ ಅದನ್ನು ತಂಬಾಕು ಎಂದು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ಆದ್ದರಿಂದ ಅವರ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಆದರೆ ಬಾಯೊಳಗೆ ನೋಡಿದರೆ ಕ್ಯಾನ್ಸರಿನ ಚಹರೆ ಇರಲಿಲ್ಲ. ಗಟ್ಟಿ ಅಂಚಿನ ಹುಣ್ಣಿಲ್ಲ, ಕುತ್ತಿಗೆಯಲ್ಲಿ ಗಡ್ಡೆ ಸಿಗಲಿಲ್ಲ, ತುಟಿಗೆ ಜೋಮು ಹಿಡಿದಿರಲಿಲ್ಲ. ಎಲುಬಿನ ಒಳಗಿನಿಂದ ಯಾವುದೋ ಬೆಳೆದು, ಹೊರಗೋಡೆಯನ್ನು ತೆಳ್ಳಗೆ ಮಾಡಿ, ಹಲ್ಲಿನ ಕುಳಿಯಲ್ಲಿ ದಾರಿ ಸಿಕ್ಕಿದ್ದಕ್ಕೆ ಹೊರಗೆ ಬಂದ ಹಾಗಿತ್ತು. ಬೆರಳಿನಿಂದ ಒತ್ತಿದರೆ ಹೊರಗೋಡೆ ಒಂದು ಕಡೆ ಮೊಟ್ಟೆಯ ಸಿಪ್ಪೆಯಂತೆ ಕಿರುಗುಟ್ಟುತ್ತಿತ್ತು.

ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿದೆ. ಎಡ ಕೆಳದವಡೆಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದ ಕಪ್ಪು ಜಾಗ, ಒಳಗೆ ಅಲ್ಲಲ್ಲಿ ಎಳೆಎಳೆಯಾದ ಗೆರೆ. ಅಂದು ನನ್ನ ಕಣ್ಣು ಆ ಕಪ್ಪು ಜಾಗದ ಮೇಲೆಯೇ ನೆಟ್ಟಿತು.

ಏನಿರಬಹುದು

ದವಡೆಯೊಳಗೆ ಹೀಗೆ ನಿಧಾನವಾಗಿ ಹಿಗ್ಗುವ, ಕ್ಯಾನ್ಸರ್ ಅಲ್ಲದ ಬೆಳವಣಿಗೆಗಳ ಪಟ್ಟಿ ಉದ್ದವಿದೆ. ಅವುಗಳಲ್ಲಿ ಹೆಚ್ಚಿನವನ್ನು ಒಬ್ಬ ವೈದ್ಯ ಇಡೀ ವೃತ್ತಿಯಲ್ಲಿ ಕೆಲವೇ ಸಲ ನೋಡುತ್ತಾನೆ. ಮೊದಲು ನೆನಪಾಗುವುದು ಅಮೆಲೋಬ್ಲಾಸ್ಟೋಮಾ. ಹಲ್ಲಿನ ಎನಾಮಲ್ ಕಟ್ಟುವ ಜೀವಕೋಶಗಳ ವಂಶದ್ದು. ಹತ್ತರಲ್ಲಿ ಎಂಟು ಕೆಳದವಡೆಯಲ್ಲೇ, ಅದರಲ್ಲೂ ಹಿಂಭಾಗದಲ್ಲಿ ಬರುತ್ತವೆ, ಎಕ್ಸ್‌ರೇಯಲ್ಲಿ ಸಾಬೂನಿನ ಗುಳ್ಳೆ ಒತ್ತಿ ಕೂತ ಹಾಗೆ ಕಾಣುತ್ತವೆ. ಮಿಕ್ಸೋಮಾ ಇನ್ನೊಂದು. ಅದರ ಒಳಗೆರೆಗಳು ಒಂದನ್ನೊಂದು ನೇರವಾಗಿ ಕತ್ತರಿಸಿ ಟೆನಿಸ್ ಬ್ಯಾಟಿನ ದಾರದಂತೆ ಇರುತ್ತವೆ. ಕೆರಾಟೋಸಿಸ್ಟ್ ಎಂಬುದು ಎಲುಬನ್ನು ಅಷ್ಟಾಗಿ ಉಬ್ಬಿಸದೆ ಉದ್ದಕ್ಕೆ ಹರಿಯುತ್ತದೆ. ಆಸಿಫೈಯಿಂಗ್ ಫೈಬ್ರೋಮಾ ಆದರೆ ಕಪ್ಪಿನ ನಡುವೆ ಬಿಳಿ ಚುಕ್ಕೆ ಶುರುವಾಗಿರಬೇಕಿತ್ತು. ಕೊನೆಗೆ ಉಳಿದದ್ದು ಜೈಂಟ್ ಸೆಲ್ ಗ್ರ್ಯಾನ್ಯುಲೋಮಾ. ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು, ಬಹುಪಾಲು ಮೂವತ್ತರ ಒಳಗೆ, ಸಾಮಾನ್ಯವಾಗಿ ದವಡೆಯ ಮುಂಭಾಗದಲ್ಲಿ. ಇವರ ವಯಸ್ಸೂ ಜಾಗವೂ ಅದಕ್ಕೆ ಪೂರ್ತಿ ಹೊಂದುತ್ತಿರಲಿಲ್ಲ. ಆದರೂ ಆ ಕೆಂಪು-ನೇರಳೆ ಬಣ್ಣ ನನ್ನನ್ನು ಅತ್ತ ಎಳೆಯುತ್ತಿತ್ತು.

ಇಂಥ ಜಾಗದಿಂದ ತುಣುಕು ತೆಗೆಯುವ ಮುನ್ನ ಸೂಜಿ ಹಾಕಿ ಎಳೆದು ನೋಡಲೇಬೇಕು. ಒಳಗೆ ರಕ್ತನಾಳಗಳ ಗೊಂಚಲೇನಾದರೂ ಇದ್ದರೆ ಬಾಯಿಯಲ್ಲಿ ಚಾಕು ಹಾಕಿದವನಿಗೆ ರಕ್ತ ನಿಲ್ಲಿಸಲು ಆಗುವುದಿಲ್ಲ. ದಪ್ಪ ಸೂಜಿ ಹಾಕಿ ಎಳೆದೆ. ನಾಲ್ಕೈದು ಹನಿ ಕಪ್ಪುರಕ್ತ ಬಂದು ನಿಂತಿತು, ಪಿಚಕಾರಿಯ ಹಿಡಿ ತಾನಾಗಿ ಮೇಲೇಳಲಿಲ್ಲ. ಆಮೇಲೆ ಕುಳಿಯೊಳಗಿಂದ ಬಟಾಣಿ ಗಾತ್ರದ ತುಣುಕು ತೆಗೆದೆ. ಫಾರ್ಮಲಿನ್ ಡಬ್ಬಿಯಲ್ಲಿ ಬಿದ್ದಾಗ ಅದು ಹಸಿ ಲಿವರಿನ ತುಂಡಿನಂತಿತ್ತು.

ವಾರದ ನಂತರ ವರದಿ ಬಂತು. ನಾರಿನಂಥ ಅಂಗಾಂಶದ ನಡುವೆ ಹತ್ತಾರು ನ್ಯೂಕ್ಲಿಯಸ್ ಇರುವ ದೈತ್ಯ ಜೀವಕೋಶಗಳು, ಹಳೆಯ ರಕ್ತಸ್ರಾವದ ಗುರುತು, ಕಬ್ಬಿಣದ ಕಂದು ಕಲೆ. ತೀರ್ಮಾನ: ಜೈಂಟ್ ಸೆಲ್ ಲೀಜನ್. ಕ್ಯಾನ್ಸರ್ ಅಲ್ಲ. ಇದನ್ನು ಹೇಳಿದಾಗ ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಗಂಡ ನನ್ನ ಕೈ ಹಿಡಿದುಕೊಂಡರು.

ಆ ಸಮಾಧಾನ ನನಗೂ ತಗಲಿತು. ಉತ್ತರ ಸಿಕ್ಕಿತು ಅಂದುಕೊಂಡುಬಿಟ್ಟೆ.

ಮೊದಲ ತಿರುವು, ಮತ್ತು ಅಲ್ಲಿ ನಾನು ಎಡವಿದ್ದು

ವರದಿ ಕೊಟ್ಟ ಪೆಥಾಲಜಿಸ್ಟ್ ಮೇಡಂ ಅಂದೇ ಸಂಜೆ ಫೋನ್ ಮಾಡಿದರು. "ಸರ್, ಸ್ಲೈಡ್ ಮ್ಯಾಲ ಇಷ್ಟs ಹೇಳಾಕ ಬರ್ತದ. ಗ್ರ್ಯಾನ್ಯುಲೋಮಾನೂ ಹಿಂಗs ಕಾಣ್ತದ, ಬ್ರೌನ್ ಟ್ಯೂಮರೂ ಹಿಂಗs ಕಾಣ್ತದ. ಕ್ಯಾಲ್ಸಿಯಂ ಮಾಡಿಸೀರೇನು?"

ಈ ಮಾತನ್ನು ಬಿಡಿಸಿ ಹೇಳಬೇಕು. ಜೈಂಟ್ ಸೆಲ್ ಗ್ರ್ಯಾನ್ಯುಲೋಮಾ ದವಡೆಯದೇ ರೋಗ. 1953ರಲ್ಲಿ ಹೆನ್ರಿ ಜಾಫೆ ಇದನ್ನು ಉದ್ದ ಎಲುಬುಗಳಲ್ಲಿ ಬರುವ ಜೈಂಟ್ ಸೆಲ್ ಟ್ಯೂಮರಿನಿಂದ ಬೇರ್ಪಡಿಸಿ ಹೆಸರಿಟ್ಟರು. ಕೆರೆದು ತೆಗೆಯುವುದು, ಸ್ಟೀರಾಯ್ಡ್ ಚುಚ್ಚುವುದು ಇದರ ಚಿಕಿತ್ಸೆ. ಬ್ರೌನ್ ಟ್ಯೂಮರ್ ಹಾಗಲ್ಲ. ಹೆಸರು ಟ್ಯೂಮರ್ ಎಂದಿದ್ದರೂ ಅದು ಗಡ್ಡೆಯೇ ಅಲ್ಲ. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಅಂಟಿಕೊಂಡ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಒಂದು ಕೆಟ್ಟು, ಮಿತಿಮೀರಿ ಹಾರ್ಮೋನು ಸುರಿಸತೊಡಗಿದರೆ ಅದು ಎಲುಬಿನಿಂದ ಕ್ಯಾಲ್ಸಿಯಂ ಕೀಳುತ್ತದೆ. ಹೆಚ್ಚು ಕಿತ್ತ ಕಡೆ ಎಲುಬು ಕರಗಿ, ಸಣ್ಣ ಸಣ್ಣ ರಕ್ತಸ್ರಾವ ಆಗಿ, ದೈತ್ಯ ಜೀವಕೋಶಗಳು ಗುಂಪುಗೂಡುತ್ತವೆ. ರಕ್ತದ ಕಬ್ಬಿಣ ಅಲ್ಲಿ ಉಳಿದು ಕಂದು ಬಣ್ಣ ಬರುತ್ತದೆ, ಅದಕ್ಕೇ ಆ ಹೆಸರು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತೆರ. ವ್ಯತ್ಯಾಸ ಇರುವುದು ರಕ್ತದಲ್ಲಿ.

ಮರುದಿನವೇ ಕ್ಯಾಲ್ಸಿಯಂ ಮಾಡಿಸಿದೆ. 10.4 ಬಂತು. ಲ್ಯಾಬಿನ ಹಾಳೆಯಲ್ಲಿ ಮಿತಿ 8.5ರಿಂದ 10.5 ಮಿಲಿಗ್ರಾಂ ಎಂದು ಅಚ್ಚಾಗಿತ್ತು. ನಾನು ಅದರ ಪಕ್ಕ ಸರಿ ಗುರುತು ಹಾಕಿ, ಕೇಸ್ ಹಾಳೆಯಲ್ಲಿ "ಕ್ಯಾಲ್ಸಿಯಂ ಸರಿಯಿದೆ" ಎಂದು ಬರೆದೆ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಇದೇ. ಕೇಳಬೇಕಾದ ಪ್ರಶ್ನೆಯನ್ನು ಮೇಡಂ ಕೇಳಿದ್ದರು. ಅರ್ಧ ಉತ್ತರ ತಂದು ನಾನು ಆ ಪ್ರಶ್ನೆಯ ಬಾಯಿ ಮುಚ್ಚಿಸಿದೆ.

ಆಪರೇಷನ್ ಯೋಜನೆ ಹಾಕಿದೆ. ಪೂರ್ತಿ ಅರಿವಳಿಕೆ ಕೊಟ್ಟು, ಇನ್ನೂ ಎರಡು ಹಲ್ಲು ತೆಗೆದು, ಒಳಗಿನದನ್ನೆಲ್ಲ ಕೆರೆದು, ಸುತ್ತಲಿನ ಎಲುಬನ್ನು ಒಂದಿಷ್ಟು ಸವರಬೇಕು. ದವಡೆ ಮುರಿಯುವಷ್ಟು ತೆಳ್ಳಗಾಗಿದ್ದರೆ ಟೈಟೇನಿಯಂ ಪ್ಲೇಟ್ ಕೂಡಿಸಬೇಕು. ಜನವರಿಯ ಮೊದಲ ವಾರದಲ್ಲೇ ಮಾಡೋಣ ಎಂದೆ. ಅತ್ತೆ ಒಪ್ಪಲಿಲ್ಲ. "ಬನಶಂಕರಿ ಜಾತ್ರಿ ಮುಗಿಸ್ಕೊಂಡ ಬರ್ತೀವ್ರಿ. ನಮ್ಮ ಕುಲದೇವ್ರ ತೇರು, ಸೊಸಿ ಇಲ್ಲದ ಹ್ಯಾಂಗ್ರಿ?" ಬಾದಾಮಿಯ ಬನಶಂಕರಿ ನಮ್ಮ ಕಡೆಯ ಎಷ್ಟೋ ನೇಕಾರರ ಮನೆದೇವರು. ಬನದ ಹುಣ್ಣಿಮೆಯ ತೇರು ಅವರಿಗೆ ವರ್ಷದ ಬಾಗಿಲು. ಬೇಡವೆನ್ನಲು ಮನಸ್ಸಾಗಲಿಲ್ಲ. ದಿನ ಮುಂದೆ ಹಾಕಿದೆ. ಆ ಮೂರು ವಾರ ಸಿಗದೇ ಹೋಗಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು.

ಮೂರನೆಯ ಹರಳು

ಜಾತ್ರೆ ಇನ್ನೂ ನಡೆದಿತ್ತು. ಗಂಡ ಫೋನ್ ಮಾಡಿದರು. ರಾತ್ರಿ ಹೆಂಡತಿಗೆ ಬೆನ್ನಿನಿಂದ ತೊಡೆಸಂದಿಗೆ ಇಳಿಯುವ ನೋವು ಬಂದು, ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿದ್ದಾರೆ. ಕಿಡ್ನಿಯಲ್ಲಿ ಹರಳು. ದವಡೆಯ ಆಪರೇಷನ್ ದಿನ ಬದಲಿಸಬೇಕೇ ಎಂದು ಕೇಳಲು ಫೋನ್ ಮಾಡಿದ್ದರು ಅಷ್ಟೆ.

"ಹರಳು ಮೊದಲ ಸಲಾನ್ರಿ?"

"ಇಲ್ರಿ, ಇದು ಮೂರನೇ ಸಲ. ನಮ್ಮ ಊರಾಗ ಯಾರಿಗಿಲ್ರಿ ಹರಳು? ನೀರs ಅಂಥಾದ್ದು."

ಹರಳು ಸಾಮಾನ್ಯ ಎಂಬುದು ನಿಜವೂ ಹೌದು. ಬಾಗಲಕೋಟೆ, ವಿಜಯಪುರದ ಬಿಸಿಲು, ದಿನವಿಡೀ ಬೆವರುವ ದುಡಿಮೆ. ನಮ್ಮಲ್ಲಿ ಹರಳು ಎಂದರೆ ನೆಗಡಿ ಎಂದಷ್ಟು ಸಲೀಸು. ಅದಕ್ಕೇ ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆದರೆ ಆ "ಮೂರನೇ ಸಲ" ಎಂಬ ಮಾತು ಫೋನ್ ಇಟ್ಟ ಮೇಲೂ ಹೋಗಲಿಲ್ಲ. ಎಲುಬಿನಿಂದ ಕಿತ್ತ ಕ್ಯಾಲ್ಸಿಯಂ ರಕ್ತದಿಂದ ಮೂತ್ರಕ್ಕೆ ಇಳಿದು ಅಲ್ಲಿಯೇ ಹರಳುಗಟ್ಟುತ್ತದೆ.

ಓಪಿಜಿಯನ್ನು ಮತ್ತೆ ತೆರೆದೆ. ಈ ಸಲ ಕಪ್ಪು ಜಾಗಕ್ಕೆ ಹಾಳೆ ಅಡ್ಡ ಹಿಡಿದು, ಉಳಿದ ದವಡೆಯನ್ನಷ್ಟೇ ನೋಡಿದೆ. ಪ್ರತಿ ಹಲ್ಲಿನ ಬೇರಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆ ಇರುತ್ತದೆ, ಲ್ಯಾಮಿನಾ ಡ್ಯೂರಾ ಅನ್ನುತ್ತೇವೆ. ಆ ಗೆರೆ ಬಲಗಡೆಯಲ್ಲೂ ಇರಲಿಲ್ಲ, ಮೇಲ್ದವಡೆಯಲ್ಲೂ ಇರಲಿಲ್ಲ. ಎಲ್ಲ ಬೇರುಗಳೂ ಮಂಜಿನಲ್ಲಿ ನಿಂತ ಕಂಬಗಳ ಹಾಗಿದ್ದವು. ಎಲುಬಿನ ಕ್ಯಾಲ್ಸಿಯಂ ಹೋಗಿ ಗೆರೆ ಅಳಿಸುವ ಈ ಗುರುತು ಪ್ಯಾರಾಥೈರಾಯ್ಡ್ ರೋಗದ ಎಲ್ಲರಲ್ಲೂ ಸಿಗುವುದಿಲ್ಲ, ಹಾಗಾಗಿ ಗೆರೆ ಇದ್ದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಇಲ್ಲಿಯಂತೂ ಅದು ಕಣ್ಣೆದುರಿಗೇ ಇತ್ತು. ಎರಡು ತಿಂಗಳು ನನ್ನ ಕಂಪ್ಯೂಟರಿನಲ್ಲೇ ಇತ್ತು.

ಜಾತ್ರೆ ಮುಗಿಸಿ ಬಂದಾಗ ಮತ್ತೆ ಮೊದಲಿನಿಂದ ಕೂತು ಮಾತಾಡಿಸಿದೆ. ಎರಡು ವರ್ಷದಿಂದ ಮೊಣಕಾಲು, ಸೊಂಟ ನೋವು. ಮಗ್ಗದ ಹಲಗೆ ತುಳಿದು ತುಳಿದು ಬಂದದ್ದು ಎಂದು ಎಲ್ಲರೂ ಹೇಳಿದ್ದರು. ಮಲಬದ್ಧತೆ, ಊಟ ಸೇರದು. ಉಷ್ಣ ಎಂದಿದ್ದರು. ಸುಸ್ತು, ಮಂಕು. ದವಡೆಯ ಚಿಂತೆಗೆ ಅಂದುಕೊಂಡಿದ್ದರು. ಒಂದೊಂದು ನೋವಿಗೂ ಊರಲ್ಲೇ ಒಂದೊಂದು ಕಾರಣ ಸಿದ್ಧವಿತ್ತು: ಹರಳಿಗೆ ನೀರು, ಕಾಲಿಗೆ ಮಗ್ಗ, ಹೊಟ್ಟೆಗೆ ಉಷ್ಣ, ದವಡೆಗೆ ಮಿಶ್ರಿ. ಬಿಡಿಬಿಡಿಯಾಗಿ ನೋಡಿದರೆ ಯಾವ ಕಾರಣವೂ ಸುಳ್ಳೆನಿಸುವುದಿಲ್ಲ. ಎಲ್ಲ ಒಟ್ಟಿಗೆ ಸೇರಿಸಿ ಕೇಳಿದವರು ಯಾರೂ ಇರಲಿಲ್ಲ.

ಅಂದು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯಲೇಬೇಕು, ಯಾವ ಸಣ್ಣ ಕ್ಲಿನಿಕ್ಕಿನಲ್ಲೂ ಸಾಧ್ಯವಿರುವುದರಿಂದ. ಹಲ್ಲಿನ ಎಕ್ಸ್‌ರೇಗೆ ಬಾಯಲ್ಲಿ ಇಡುವ ಪುಟ್ಟ ಸೆನ್ಸರನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅವರ ಬಲಗೈಯ ತೋರುಬೆರಳು ಇಡಿಸಿದೆ. ರೇಷ್ಮೆ ಎಳೆ ಹಿಡಿದು ಹಿಡಿದು ತುದಿ ಜಡ್ಡುಗಟ್ಟಿದ ಬೆರಳು. ಪರದೆಯ ಮೇಲೆ ಚಿತ್ರ ಮೂಡಿತು. ನಡುವಿನ ಎಲುಬಿನ ಹೆಬ್ಬೆರಳ ಕಡೆಯ ಅಂಚು ನುಣುಪಾಗಿ ಇರಬೇಕಿತ್ತು. ಅದು ಹಳೆಯ ಖಣದ ಅಂಚು ಹಿಸಿದು ದಾರ ಎದ್ದ ಹಾಗೆ ಕಿತ್ತಿತ್ತು. ಪಕ್ಕದ ನಡುಬೆರಳೂ ಹಾಗೆಯೇ. ಹೈಪರ್‌ಪ್ಯಾರಾಥೈರಾಯ್ಡಿಸಂ, ಅಂದರೆ ಪ್ಯಾರಾಥೈರಾಯ್ಡ್ ಮಿತಿಮೀರಿ ಹಾರ್ಮೋನು ಸುರಿಸುವ ರೋಗ, ಎಲುಬಿಗೆ ಇಳಿದಾಗ ಸಿಗುವ ಅತ್ಯಂತ ನಂಬಿಕೆಯ ಗುರುತು ಇದು. ಪುಸ್ತಕದಲ್ಲಿ ಓದಿದ್ದೆ. ನನ್ನ ಕೈಯಾರೆ ಕಂಡದ್ದು ಅಂದೇ ಮೊದಲು.

ಅಂಕಿಗಳು

ಈ ಸಲ ಒಂದೊಂದೇ ಪರೀಕ್ಷೆ ಬಿಟ್ಟು ಎಲ್ಲವನ್ನೂ ಒಟ್ಟಿಗೆ ಬರೆದೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಸುಳ್ಳೇ ಹೆಚ್ಚು ತೋರಿಸುತ್ತದೆ, ಅದಕ್ಕೆ ಬೇಗ ಸಡಿಲಿಸಿ ರಕ್ತ ತೆಗೆಸಿದೆ. ಪ್ಯಾರಾಥೈರಾಯ್ಡ್ ಹಾರ್ಮೋನು, ಅಂದರೆ ಪಿಟಿಎಚ್, ಬೇಗ ಕೆಡುವ ವಸ್ತು. ಇಡಿಟಿಎ ಟ್ಯೂಬಿನಲ್ಲಿ, ಐಸ್ ಡಬ್ಬಿಯಲ್ಲಿಟ್ಟು ದೊಡ್ಡ ಲ್ಯಾಬಿಗೆ ಕಳಿಸಬೇಕಾಯಿತು. ಖರ್ಚು ಅವರಿಗೆ ನಾಲ್ಕೈದು ದಿನದ ದುಡಿಮೆ.

ಕ್ಯಾಲ್ಸಿಯಂ ಮತ್ತೆ 10.4. ಆಲ್ಬುಮಿನ್ ಮಾತ್ರ 3.1. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿಗೆ ಅಂಟಿಕೊಂಡೇ ತಿರುಗುತ್ತದೆ. ಪ್ರೋಟೀನು ಕಡಿಮೆ ಇದ್ದರೆ ಒಟ್ಟು ಅಂಕಿ ಕೆಳಗೆ ಬಂದು, ನಿಜವಾದದ್ದು ಮರೆಯಾಗುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸುವ ಸರಳ ಲೆಕ್ಕ ಹಾಕಿದರೆ ಅವರ ಕ್ಯಾಲ್ಸಿಯಂ 11.1. ನಾನು ಸರಿ ಗುರುತು ಹಾಕಿದ್ದ ಅಂಕಿ ಸರಿಯಿರಲಿಲ್ಲ. ರಂಜಕ 2.1, ಕಡಿಮೆ. ಎಲುಬು ಕರಗಿ ಕಟ್ಟುವ ವೇಗ ತೋರಿಸುವ ಆಲ್ಕಲೈನ್ ಫಾಸ್ಫಟೇಸ್ 780, ಬಹಳ ಹೆಚ್ಚು. ಕ್ರಿಯಾಟಿನಿನ್ 0.9, ಅಂದರೆ ಹರಳು ಇದ್ದರೂ ಕಿಡ್ನಿ ಕೆಟ್ಟಿಲ್ಲ. ವಿಟಮಿನ್ ಡಿ ಬರೀ 9. ಪಿಟಿಎಚ್ ಇರಬೇಕಾದದ್ದು 65ರ ಒಳಗೆ, ಬಂದದ್ದು 1,140.

ಇಲ್ಲಿ ಇನ್ನೊಂದು ಕವಲುದಾರಿ ಇತ್ತು. ವರದಿ ನೋಡಿದ ಪರಿಚಯದ ವೈದ್ಯರೊಬ್ಬರು, ವಿಟಮಿನ್ ಡಿ ಇಷ್ಟು ಕಡಿಮೆ ಇದ್ದರೆ ಪಿಟಿಎಚ್ ಏರುವುದು ಸಹಜ, ವಾರಕ್ಕೊಂದು 60,000 ಯೂನಿಟ್ಟಿನ ಪೊಟ್ಟಣ ಕೊಟ್ಟು ಎರಡು ತಿಂಗಳು ನೋಡೋಣ ಎಂದರು. ಮಾತಿನಲ್ಲಿ ಹುರುಳಿತ್ತು. ನಮ್ಮಲ್ಲಿ ಡಿ ಕೊರತೆ ಇಲ್ಲದವರನ್ನು ಹುಡುಕುವುದೇ ಕಷ್ಟ. ಬೆಳಗಾವಿಯ ಹಾರ್ಮೋನ್ ತಜ್ಞರಿಗೆ ಫೋನ್ ಮಾಡಿದೆ. ಅವರು ಗಂಟು ಬಿಡಿಸಿದರು: ಡಿ ಕೊರತೆಯಿಂದಷ್ಟೇ ಪಿಟಿಎಚ್ ಏರಿದ್ದರೆ ಕ್ಯಾಲ್ಸಿಯಂ ಕಡಿಮೆ ಇರಬೇಕು, ಹೆಚ್ಚೆಂದರೆ ಮಿತಿಯ ಕೆಳಗಡೆ ಇರಬೇಕು. ಕ್ಯಾಲ್ಸಿಯಂ ಮಿತಿ ಮೀರಿದ್ದರೂ ಗ್ರಂಥಿ ಸುಮ್ಮನಾಗುತ್ತಿಲ್ಲ ಎಂದರೆ ಅದು ಯಾರ ಮಾತೂ ಕೇಳದ ಗ್ರಂಥಿ. ಡಿ ಕೊರತೆ ಇಲ್ಲಿ ಬೇರೆಯೇ ಕೆಲಸ ಮಾಡಿದೆ, ಕ್ಯಾಲ್ಸಿಯಂ ಇನ್ನೂ ಮೇಲೇರದಂತೆ ಹಿಡಿದಿಟ್ಟು ರೋಗವನ್ನು ಮುಚ್ಚಿಟ್ಟಿದೆ. ಹೀಗಿರುವಾಗ ದೊಡ್ಡ ಪೊಟ್ಟಣ ಕೊಟ್ಟರೆ ಕ್ಯಾಲ್ಸಿಯಂ ದಿಢೀರನೆ ಏರೀತು.

ಕುತ್ತಿಗೆಯ ಅಲ್ಟ್ರಾಸೌಂಡಿನಲ್ಲಿ ಎಡ ಥೈರಾಯ್ಡಿನ ಕೆಳತುದಿಯ ಹಿಂದೆ 2.4 ಸೆಂಟಿಮೀಟರಿನ ಗಂಟು ಸಿಕ್ಕಿತು. ವಿಕಿರಣ ಸೂಸುವ ಔಷಧ ಚುಚ್ಚಿ ತೆಗೆಯುವ ಟೆಕ್ನೀಷಿಯಂ ಸೆಸ್ಟಾಮಿಬಿ ಸ್ಕ್ಯಾನಿನಲ್ಲಿ ಉಳಿದೆಲ್ಲ ಕಡೆ ಔಷಧ ತೊಳೆದುಹೋದ ಮೇಲೂ ಅದೇ ಜಾಗ ದೀಪದಂತೆ ಉಳಿಯಿತು.

"ದವಡಿಗೆ ಬ್ಯಾನಿ, ಕುತ್ತಿಗಿ ಯಾಕ ಕೊಯ್ತೀರಿ?"

ದವಡೆಯ ಆಪರೇಷನ್ ಬೇಡ, ಕುತ್ತಿಗೆಯದು ಬೇಕು ಎಂದು ಹೇಳಿದಾಗ ಮನೆಯವರ ನಂಬಿಕೆಯೇ ಅಲುಗಿತು. ಅತ್ತೆ ಕೇಳಿದ ಪ್ರಶ್ನೆಯನ್ನೇ ಮೇಲೆ ತಲೆಬರಹ ಮಾಡಿದ್ದೇನೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ಎರಡು ತಿಂಗಳು ದವಡೆ ದವಡೆ ಎಂದ ಡಾಕ್ಟರ್ ಈಗ 140 ಕಿಲೋಮೀಟರ್ ದೂರದ ಬೆಳಗಾವಿಗೆ ಹೋಗಿ ಕುತ್ತಿಗೆ ಕೊಯ್ಯಿಸಿರಿ ಎಂದರೆ ಯಾರು ತಾನೇ ಒಪ್ಪುತ್ತಾರೆ?

ಹಾರ್ಮೋನು, ಗ್ರಂಥಿ ಎಂದೆಲ್ಲ ಹೇಳಿ ನೋಡಿದೆ, ಮುಖಗಳು ಬದಲಾಗಲಿಲ್ಲ. ಆಗ ಮಾವನವರ ಕಡೆ ತಿರುಗಿ ಕೇಳಿದೆ: "ಅಜ್ಜಾರ, ನಿಮ್ಮ ಮನ್ಯಾಗ ಹಗೇವು ಇತ್ತೇನ್ರಿ?" ಇತ್ತಂತೆ, ಅವರ ಅಪ್ಪನ ಕಾಲದಲ್ಲಿ, ನೆಲದಡಿಯ ಆ ಕಣಜದಲ್ಲಿ ಜೋಳ ತುಂಬುತ್ತಿದ್ದರಂತೆ. "ಮೈಯಾಗಿನ ಎಲುವು ಅಂದ್ರ ಹಗೇವು ಇದ್ದಂಗರಿ. ಸುಣ್ಣದ ಸತ್ವ ಅಲ್ಲೇ ತುಂಬಿರ್ತದ. ಕುತ್ತಿಗ್ಯಾಗ ನಾಕು ಮಂದಿ ಕಾವಲುಗಾರರು. ಬೇಕಾದಾಗ ಬೇಕಾದಷ್ಟು ತಗದು ಕೊಡೂದು ಅವರ ಕೆಲಸ. ಒಬ್ಬ ಕಾವಲುಗಾರಗ ಬುದ್ಧಿ ಕೆಟ್ಟದ. ದಿನಾ ರಾತ್ರಿ ಹಗೇವು ತಗದು ಜೋಳ ಚೆಲ್ಲಾಕತ್ತಾನ. ಚೆಲ್ಲಿದ್ದು ಹರಳಾಗೇತಿ. ದವಡ್ಯಾಗ ಹಗೇವು ಕುಸದೇತಿ. ನಾನು ಕುಸದ ಹಗೇವು ಕಟ್ಟಿದ್ರ ಏನ್ ಬಂತು, ಅಂವ ಇನ್ನೊಂದ ತಗೀತಾನ."

ಮಾವ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಕಳ್ಳನ್ನ ಹಿಡೀಬೇಕಂತ" ಎಂದರು. ಬಿಪಿಎಲ್ ಕಾರ್ಡ್ ತೆಗೆದುಕೊಂಡು ಮರುವಾರ ಬೆಳಗಾವಿಗೆ ಹೊರಟರು.

ಏನಾಯಿತು

ಸ್ವೀಡನ್ನಿನ ವೈದ್ಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್ ಮನುಷ್ಯರ ಈ ಗ್ರಂಥಿಗಳನ್ನು 1880ರಲ್ಲಿ ವಿವರವಾಗಿ ಬರೆದಾಗ ಅವು ಯಾತಕ್ಕಿವೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡಲ್, ಎಲುಬು ಕರಗಿ ನಡೆಯಲಾಗದೆ ಇದ್ದ ಟ್ರಾಮ್ ನೌಕರನೊಬ್ಬನ ಕುತ್ತಿಗೆಯಿಂದ ಹಿಗ್ಗಿದ ಗ್ರಂಥಿ ತೆಗೆದರು, ಅವನು ಎದ್ದು ನಡೆದ. ಹೀಗೆ ನೂರು ವರ್ಷ ತುಳಿದ ದಾರಿ ಇದು. ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆರೋಗ್ಯವಂತ ಗ್ರಂಥಿಯೊಂದರ ತೂಕ 30ರಿಂದ 50 ಮಿಲಿಗ್ರಾಂ, ಅಕ್ಕಿಕಾಳಿಗಿಂತ ತುಸು ದೊಡ್ಡದು. ತೆಗೆದದ್ದು 4.2 ಗ್ರಾಂ ಇತ್ತು. ಅಡಿನೋಮಾ, ಕ್ಯಾನ್ಸರ್ ಅಲ್ಲ. ಮರುದಿನ ಬೆಳಿಗ್ಗೆ ಪಿಟಿಎಚ್ 28.

ಮೂರನೇ ದಿನ ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟತೊಡಗಿತು. ಕ್ಯಾಲ್ಸಿಯಂ 6.9ಕ್ಕೆ ಇಳಿದಿತ್ತು. ವರ್ಷಗಟ್ಟಲೆ ಬರಿದಾಗಿದ್ದ ಎಲುಬು ಕಾವಲು ಬದಲಾದ ಕೂಡಲೇ ರಕ್ತದ ಕ್ಯಾಲ್ಸಿಯಂನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಹಸಿದ ಎಲುಬು ಎಂದೇ ಇದನ್ನು ಕರೆಯುತ್ತಾರೆ. ಆಲ್ಕಲೈನ್ ಫಾಸ್ಫಟೇಸ್ ಅಷ್ಟು ಏರಿದ್ದು ನೋಡಿ ಅಲ್ಲಿನವರು ಇದನ್ನು ಮೊದಲೇ ಊಹಿಸಿದ್ದರು, ರಕ್ತನಾಳದ ಮೂಲಕ ಕ್ಯಾಲ್ಸಿಯಂ ಗ್ಲೂಕೋನೇಟ್ ಕೂಡಲೇ ಶುರು ಮಾಡಿದರು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಗಂಡ ಗಾಬರಿಯಾಗಿ ಫೋನ್ ಮಾಡಿದಾಗ ಹಿಂದಿನಿಂದ ಮಾವನವರ ದನಿ ಕೇಳಿಸಿತು: "ಖಾಲಿ ಹಗೇವು ತುಂಬಾಕತ್ತೇತಿ, ಅಂಜಬ್ಯಾಡ." ಅವರಷ್ಟು ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ದವಡೆಯನ್ನು ನಾನು ಮುಟ್ಟಲಿಲ್ಲ. ಆ ನಿರ್ಧಾರವೂ ಸುಲಭದ್ದಾಗಿರಲಿಲ್ಲ. ಬಾಯಲ್ಲಿ ಮಾಂಸ ಕಾಣುತ್ತಿರುವಾಗ ಕೈ ಕಟ್ಟಿ ಕೂಡುವುದು ನಮ್ಮಂಥವರ ಸ್ವಭಾವಕ್ಕೆ ಹೊಂದುವುದಿಲ್ಲ. ಬಾಯಿ ಮುಕ್ಕಳಿಸಲು ಔಷಧ ಕೊಟ್ಟು, ದವಡೆ ಮುರಿಯದಂತೆ ಮೆತ್ತಗಿನ ಊಟ ಹೇಳಿ, ವಾರವಾರ ನೋಡಿದೆ. ಏಳನೇ ವಾರಕ್ಕೆ ಕುಳಿಯಿಂದ ಎದ್ದಿದ್ದ ಮಾಂಸ ಕುಗ್ಗಿ, ಮೇಲೆ ತಿಳಿಗುಲಾಬಿ ಚರ್ಮ ಮುಚ್ಚಿತ್ತು. ಆರನೇ ತಿಂಗಳಿನ ಓಪಿಜಿಯಲ್ಲಿ ಕಪ್ಪು ಜಾಗ ಅಂಚಿನಿಂದ ಬೆಳ್ಳಗಾಗುತ್ತ ಬಂದಿತ್ತು. ಹದಿನಾಲ್ಕನೇ ತಿಂಗಳಿಗೆ ಅದು ಸುತ್ತಲಿನ ಎಲುಬಿಗಿಂತಲೂ ದಟ್ಟವಾಗಿತ್ತು, ಎಲ್ಲ ಬೇರುಗಳ ಸುತ್ತ ಆ ಕೂದಲೆಳೆ ಗೆರೆ ಮರಳಿತ್ತು. ಆ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಕಾಲುನೋವು ಮೂರು ತಿಂಗಳಲ್ಲೇ ಬಿಟ್ಟಿತ್ತು. ಮಗ್ಗಕ್ಕೆ ಮರಳಿದ್ದಾರೆ. ಮಿಶ್ರಿ ಬಿಟ್ಟಿದ್ದಾರೆ. ಈ ರೋಗಕ್ಕೆ ಮಿಶ್ರಿ ಕಾರಣವಲ್ಲ, ಆದರೂ ಬಿಡಿಸಿದೆ.

ಇದರಿಂದ ನಾನು ಬದಲಿಸಿಕೊಂಡದ್ದು

ಬಯಾಪ್ಸಿ ವರದಿಯಲ್ಲಿ ಜೈಂಟ್ ಸೆಲ್ ಎಂಬ ಮಾತು ಕಂಡರೆ, ರೋಗಿಯ ವಯಸ್ಸು ಎಷ್ಟೇ ಇರಲಿ, ಕ್ಯಾಲ್ಸಿಯಂ, ಆಲ್ಬುಮಿನ್, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್ ಎಲ್ಲವೂ ಬರುವ ತನಕ ಆಪರೇಷನ್ ದಿನ ಬರೆಯುವುದಿಲ್ಲ. ಕ್ಯಾಲ್ಸಿಯಂ ಒಂದನ್ನೇ ನೋಡಿ ಮುಂದೆ ಹೋಗುವುದು, ನೋಡದೇ ಇರುವುದಕ್ಕಿಂತ ಅಪಾಯ. ನೋಡದವನಿಗೆ ಅನುಮಾನವಾದರೂ ಉಳಿದಿರುತ್ತದೆ. ಓಪಿಜಿಯಲ್ಲಿ ಈಗ ಮೊದಲು ರೋಗವಿಲ್ಲದ ಕಡೆ ನೋಡುತ್ತೇನೆ, ಆಮೇಲೆ ರೋಗದ ಕಡೆ. ಹರಳಿನ ಬಗ್ಗೆ ಎಲ್ಲರನ್ನೂ ಕೇಳುತ್ತೇನೆ. ಇದೆಯೇ ಎಂದಲ್ಲ, ಎಷ್ಟು ಸಲ ಎಂದು.

ಇನ್ನೊಂದು ವಿಷಯ ಅಪರೂಪದ್ದಾದರೂ ಬಿಡುವಂತಿಲ್ಲ. ಪ್ಯಾರಾಥೈರಾಯ್ಡ್ ರೋಗವೂ ದವಡೆಯ ಗಂಟೂ ಒಟ್ಟಿಗೆ ವಂಶದಲ್ಲಿ ಇಳಿದು ಬರುವ ಒಂದು ಸಿಂಡ್ರೋಮ್ ಇದೆ. ಸಿಡಿಸಿ73 ಎಂಬ ಜೀನಿನ ದೋಷ ಅದಕ್ಕೆ ಕಾರಣ. ಅಲ್ಲಿ ದವಡೆಯಲ್ಲಿ ಬರುವುದು ಆಸಿಫೈಯಿಂಗ್ ಫೈಬ್ರೋಮಾ. ಗ್ರಂಥಿ ತೆಗೆದರೂ ಅದು ಕರಗುವುದಿಲ್ಲ, ಬೇರೆಯಾಗಿಯೇ ತೆಗೆಯಬೇಕು. ಗ್ರಂಥಿಯಲ್ಲಿ ಕ್ಯಾನ್ಸರ್ ಆಗುವ ಸಂಭವವೂ ಅಲ್ಲಿ ಹೆಚ್ಚು. ಇವರ ಅಕ್ಕನಿಗೂ ಹರಳು ಆಗಿತ್ತೆಂದು ತಿಳಿದಾಗ ಪೆಥಾಲಜಿಸ್ಟ್ ಮೇಡಂ ಹಳೆಯ ಸ್ಲೈಡುಗಳನ್ನು ಮತ್ತೆ ತೆಗೆದು, ಆ ಫೈಬ್ರೋಮಾದ ಗುರುತಾದ ಎಲುಬಿನ ಚೂರು, ಸಿಮೆಂಟಿನಂಥ ಗುಂಡು ಇವೆಯೇ ಎಂದು ಹುಡುಕಿದರು. ಸಿಗಲಿಲ್ಲ. ದವಡೆ ತಾನಾಗಿ ತುಂಬಿಕೊಂಡದ್ದೂ ಅದನ್ನೇ ಹೇಳಿತು. ಆದರೂ ಅಕ್ಕನದೂ ಇಬ್ಬರು ಮಕ್ಕಳದೂ ಕ್ಯಾಲ್ಸಿಯಂ, ಪಿಟಿಎಚ್ ಮಾಡಿಸಿದೆವು. ಮೂವರದೂ ಸರಿಯಿತ್ತು, ಆಲ್ಬುಮಿನ್ ಲೆಕ್ಕ ಹಾಕಿದ ಮೇಲೂ. ಅಕ್ಕನ ಹರಳಿಗೆ ಬೇರೆಯೇ ಕಾರಣವಿದ್ದೀತು.

ಕೆನ್ನೆಯ ಮೇಲೆ ಒಂದಿಷ್ಟು ಉಬ್ಬು ಉಳಿದಿದೆ. ಸವರಿ ಸಮ ಮಾಡಬಹುದು, ಅವರು ಬೇಡವೆಂದರು. ಕಿತ್ತ ಹಲ್ಲಿನ ಜಾಗ ಇನ್ನೂ ಖಾಲಿಯಿದೆ. ಕೀಳದೇ ಇದ್ದಿದ್ದರೆ, ಎಲುಬು ಮತ್ತೆ ಕಟ್ಟಿದ ಮೇಲೆ ಆ ಹಲ್ಲು ಗಟ್ಟಿಯಾಗಿ ನಿಲ್ಲುತ್ತಿತ್ತೇನೋ. ಉಳಿದ ಎರಡು, ನಾನು ತೆಗೆಯಲು ಪೆನ್ಸಿಲಿನಲ್ಲಿ ಗುರುತು ಹಾಕಿದ್ದವು, ಈಗ ಅಲ್ಲಾಡುವುದಿಲ್ಲ. ಹೋದ ತಿಂಗಳು ಬಂದಾಗ ಆ ಕಡೆಯಿಂದಲೇ ಕಟಕ ರೊಟ್ಟಿ ಅಗಿಯುತ್ತೇನೆಂದು ಹೇಳಿ, ಬಾಯಿ ತೆರೆದು ತೋರಿಸಿದರು.